ತಿಥಿ, ಉಗುರು ಮತ್ತು ಒಂದು ಕಿಂಡಿ

ಪಾಯಕ್ಕೆ ಗುರುತು ಹಾಕುವಾಗ ಮೇಸ್ತ್ರಿ ಮೂಲೆಯ ಗೂಟದಿಂದ ಒಂದು ದಾರದ ಮೇಲೆ ಮೂರಡಿ, ಇನ್ನೊಂದರ ಮೇಲೆ ನಾಲ್ಕಡಿ ಅಳೆಯುತ್ತಾನೆ. ಆ ಎರಡು ಗುರುತುಗಳ ನಡುವೆ ಟೇಪು ಐದಡಿ ತೋರಿಸಿದರೆ ಮೂಲೆಮಟ್ಟ ಸರಿ. ಇಲ್ಲದಿದ್ದರೆ ಗೂಟ ಕೀಳಬೇಕು. ಐದೇ ಏಕೆ ಎಂದರೆ, ‘ಮೊದಲಿಂದ ಹಂಗೇ ಸಾರ್’ ಎನ್ನುತ್ತಾನೆ. ಬೌಧಾಯನ ಶುಲ್ಬಸೂತ್ರವೂ ಯಜ್ಞವೇದಿಗೆ ಹಗ್ಗ ಹಿಡಿಯುವವರಿಗೆ ನಿಯಮ ಹೇಳಿ ಸುಮ್ಮನಾಯಿತು.

ಕಾರಣ ಬೇಕೆಂದು ಕೂತವರಲ್ಲಿ ಭಾಸ್ಕರಾಚಾರ್ಯರ ಧಾಟಿ ನನಗಿಷ್ಟ. (ಅವರ ಊರಾದ ವಿಜ್ಜಡವಿಡ ನಮ್ಮ ವಿಜಯಪುರವೋ ಮಹಾರಾಷ್ಟ್ರದ ಊರೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಇರಲಿ.) 1150ರ ‘ಸಿದ್ಧಾಂತಶಿರೋಮಣಿ’ಯ ಬೀಜಗಣಿತ ಭಾಗದಲ್ಲಿ ಅವರು ಕೇಳುತ್ತಾರೆ: ಲಂಬಕೋನ ತ್ರಿಭುಜದ ಒಂದು ಬಾಹು (ಭುಜ) ತಿಥಿಗಳಷ್ಟು, ಇನ್ನೊಂದು (ಕೋಟಿ) ಉಗುರುಗಳಷ್ಟು ಇದ್ದರೆ ಕರ್ಣ ಎಷ್ಟು? ಪಕ್ಷಕ್ಕೆ ತಿಥಿ 15, ಕೈಕಾಲಿನ ಉಗುರು 20. ಕರ್ಣವೆಂದರೆ ಕಿವಿಯೂ ಹೌದಲ್ಲ, ಶ್ಲೋಕದಲ್ಲಿ ಅದು ‘ಶ್ರುತಿ’ಯಾಗಿದೆ! ಉತ್ತರದ ಜೊತೆಗೆ ಉಪಪತ್ತಿಯೂ, ಅಂದರೆ ಸಾಧನೆಯೂ, ಬೇಕೆಂಬುದು ಅವರ ಪಟ್ಟು.

ಕಳೆದ ವರ್ಷದ ಕ್ಯಾಲೆಂಡರ್ ಹಾಳೆ ತೆಗೆಯಿರಿ. 15ಕ್ಕೆ 20 ಸೆಂಟಿಮೀಟರಿನ ಎರಡು ತುಂಡು ಕತ್ತರಿಸಿ, ಮೂಲೆಯಿಂದ ಮೂಲೆಗೆ ಸೀಳಿದರೆ ನಾಲ್ಕು ತ್ರಿಭುಜ. ಕರ್ಣಗಳು ಹೊರಗಿರಲಿ, ಒಂದರ ಚಿಕ್ಕ ಬಾಹು ಪಕ್ಕದ್ದರ ದೊಡ್ಡ ಬಾಹುವಿಗೆ ಒರಗಲಿ. ದೊಡ್ಡದೊಂದು ಚೌಕ ಏಳುತ್ತದೆ, ನಡುವೆ ಪುಟ್ಟ ಚೌಕದ ಕಿಂಡಿ. ಹೊರಗಿನದು ನಿಜಕ್ಕೂ ಚೌಕವೇ? ಅದರ ಪ್ರತಿ ಮೂಲೆಯಲ್ಲೂ ಸೇರುವುದು ತ್ರಿಭುಜದ ಎರಡು ಲಘುಕೋನಗಳು, ಕೂಡಿದರೆ 90 ಡಿಗ್ರಿ. ಅನುಮಾನ ಬೇಡ.

ಕಿಂಡಿಯ ಬಾಹು 20ರಲ್ಲಿ 15 ಹೋಗಿ 5, ವಿಸ್ತೀರ್ಣ 25. ತ್ರಿಭುಜಕ್ಕೆ 150ರಂತೆ ನಾಲ್ಕಕ್ಕೆ 600. ಒಟ್ಟು 625, ಕರ್ಣ 25. ಬೇರೆ ಯಾವ ಅಳತೆ ಹಿಡಿದರೂ ಇದೇ ಕಥೆ: ಎರಡು ಬಾಹುಗಳ ವ್ಯತ್ಯಾಸದ ವರ್ಗಕ್ಕೆ ಗುಣಲಬ್ಧದ ಇಮ್ಮಡಿ ಸೇರಿಸಿದರೆ ಅವುಗಳ ವರ್ಗಗಳ ಮೊತ್ತ ಬರಲೇಬೇಕು. ಹೈಸ್ಕೂಲಿನಲ್ಲಿ ಉರುಹೊಡೆದ ನಿತ್ಯಸಮೀಕರಣ ಕೊನೆಗೂ ಕೆಲಸಕ್ಕೆ ಬಂತು.

ಭಾಸ್ಕರರು ಚಿತ್ರ ಬರೆದು ‘ನೋಡು’ ಎಂದಷ್ಟೇ ಹೇಳಿದರೆಂಬ ಕಥೆ ಬಹಳ ಓಡಾಡುತ್ತದೆ. ನನಗೆ ರುಚಿಸದು; ಬೀಜಗಣಿತದಲ್ಲಿ ಲೆಕ್ಕ ಬಿಡಿಸಿಯೇ ತೋರಿಸಿದ್ದಾರೆ. ಆಮೇಲೆ ಕರ್ಣದ ಈ ಪ್ರಮೇಯಕ್ಕೆ ಬಂದ ಸಾಧನೆಗಳು ನೂರಾರು. ಮುಂದೆ ಅಮೆರಿಕದ ಅಧ್ಯಕ್ಷರಾದ ಗಾರ್ಫೀಲ್ಡ್ ಕೂಡ 1876ರಲ್ಲಿ ಒಂದನ್ನು ಪ್ರಕಟಿಸಿದರು.

ಹಾಳೆಯ ತುಂಡುಗಳನ್ನು ಇನ್ನೂ ಎಸೆಯಬೇಡಿ. ಕಿಂಡಿಗೆ 5 ಸೆಂಟಿಮೀಟರಿನ ಚೌಕ ಇಟ್ಟು ಮುಚ್ಚಿ, ಎರಡು ತ್ರಿಭುಜಗಳನ್ನು ಎತ್ತಿ ಎದುರು ಬದಿಗೆ ಜೋಡಿಸಿ. ಅಷ್ಟೇ ಕಾಗದ, ಈಗ ಕುರ್ಚಿಯ ಆಕಾರ: 20ರ ಚೌಕದ ಪಕ್ಕಕ್ಕೆ ಅಂಟಿ ನಿಂತಿದೆ 15ರ ಚೌಕ.