ಮದ್ದೂರು ವಡೆ, ಮನೆ ಕಜ್ಜಾಯ ಮತ್ತು ಐದು ರೂಪಾಯಿ ಪೊಟ್ಟಣ

ಬೆಂಗಳೂರಿನಿಂದ ಮೈಸೂರಿಗೆ ಕಾರಿನಲ್ಲಿ ಹೋಗುವವರಿಗೆ ಈಗ ಮದ್ದೂರು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದ ಎಕ್ಸ್‌ಪ್ರೆಸ್ ವೇ ಹತ್ತಿದ ಗಾಡಿ ಊರೊಳಗೆ ಇಳಿಯುವುದೇ ಇಲ್ಲ. ಕಾಫಿ ನೆಪದಲ್ಲಿ ಇಳಿದು, ನಾಲ್ಕು ವಡೆ ತಿಂದು, ಎಂಟು ವಡೆ ಕಟ್ಟಿಸಿಕೊಂಡು ಹೋಗುತ್ತಿದ್ದ ಗಿರಾಕಿಯನ್ನು ರಸ್ತೆಯೇ ಎತ್ತಿಕೊಂಡು ಹೋಯಿತು. ಹಳೇ ಹೆದ್ದಾರಿ ಬದಿಯ ಹೋಟೆಲಿನವರ ಗೋಳು ಆ ವರ್ಷವೇ ಪತ್ರಿಕೆಗಳಲ್ಲಿ ಬಂತು. ಇನ್ನು ಮದ್ದೂರು ವಡೆಯ ಕಾಲ ಮುಗಿಯಿತು ಎಂದು ಷರಾ ಬರೆದವರಿಗೂ ಕಡಿಮೆಯಿಲ್ಲ.

ಷರಾ ಬರೆಯುವ ಮುಂಚೆ ಒಂದು ಮಾತು ನೆನೆಯಬೇಕು. ಈ ವಡೆ ಹುಟ್ಟಿದ್ದು ಹೆದ್ದಾರಿಯಲ್ಲಲ್ಲ, ರೈಲ್ವೆ ಸ್ಟೇಷನ್ನಿನಲ್ಲಿ. 1917ರ ಸುಮಾರಿಗೆ ರಾಮಚಂದ್ರ ಬುಧ್ಯ ಎಂಬುವರು ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದರಂತೆ. ಉಗಿಬಂಡಿಯ ಕಾಲ. ಇಂಜಿನ್ನು ಇಲ್ಲಿ ನೀರು ಕುಡಿಯುತ್ತಿತ್ತು. ಅದು ನೀರು ಕುಡಿಯುವಷ್ಟು ಹೊತ್ತಿನಲ್ಲಿ ಪ್ರಯಾಣಿಕರ ಹೊಟ್ಟೆಪಾಡೂ ಆಗಬೇಕು. ಒಂದು ದಿನ ರೈಲಿನ ಹೊತ್ತು ತಪ್ಪಿತು, ಪಕೋಡ ಬೇಯಿಸಿ ಕೊಡುವಷ್ಟು ಪುರುಸೊತ್ತಿಲ್ಲ. ಹಿಟ್ಟನ್ನು ಅಂಗೈಯಲ್ಲಿ ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರು, ಬೇಗ ಬೆಂದಿತು, ಜನ ಮತ್ತೆ ಕೇಳಿದರು ಎಂಬುದು ಊರಲ್ಲಿ ಬಾಯಿಂದ ಬಾಯಿಗೆ ಬಂದಿರುವ ಕಥೆ. ಉಗಿಬಂಡಿ ಹೋಯಿತು, ಕರೆಂಟಿನ ರೈಲು ಬಂತು, ನೀರಿಗೆ ನಿಲ್ಲುವ ಪ್ರಮೇಯವೇ ತಪ್ಪಿತು. ಆದರೂ ವಡೆಯ ಬುಟ್ಟಿ ಹೊತ್ತವರು ಬೋಗಿಯಿಂದ ಬೋಗಿಗೆ ದಾಟುವುದು ನಿಂತಿಲ್ಲ. ಒಂದು ಸಲ ದಾರಿ ಬದಲಾದದ್ದಕ್ಕೆ ಸಾಯದ ವಡೆ ಎರಡನೇ ಸಲ ಯಾಕೆ ಸಾಯಬೇಕು?

ಕಥೆ ನಿಜವೋ ಉಪ್ಪುಖಾರ ಬೆರೆತದ್ದೋ, ಅದರೊಳಗಿನ ಕಸುಬು ಮಾತ್ರ ನಿಜ. ಇದು ಮನೆ ಹೆಂಗಸರು ಆತುರದಲ್ಲಿ ಮಾಡುವಂಥದ್ದೇ ಕೆಲಸ. ರುಬ್ಬುವುದಿಲ್ಲ, ಹುದುಗು ಬರಿಸುವುದಿಲ್ಲ, ಅಚ್ಚು ಬೇಡ, ಒರಳು ಬೇಡ. ಹಾಗಿದ್ದೂ ಮದ್ದೂರು ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಮದ್ದೂರು ವಡೆ ಎಂದರೆ ಹೋಟೆಲಿಂದ ತರುವ ಪದಾರ್ಥ ಎಂದೇ ಲೆಕ್ಕ. ನೆಂಟರು ಬಂದರೆ ಹುಡುಗನನ್ನು ಓಡಿಸುವುದು, ಪೇಪರಿನಲ್ಲಿ ಕಟ್ಟಿಸಿಕೊಂಡು ಬರುವುದು.

ಮನೆಯಲ್ಲೇ ಮಾಡಹೋದವರಲ್ಲಿ ಬಹಳ ಜನ ಕೆಡಿಸುವುದು ನೀರಿನಲ್ಲಿ. ಒಂದು ಪಾವು ಅಕ್ಕಿ ಹಿಟ್ಟಿಗೆ ಅರ್ಧ ಪಾವು ಚಿರೋಟಿ ರವೆ, ಕಾಲು ಪಾವು ಮೈದಾ ಸಾಕು. ಈರುಳ್ಳಿ ಧಾರಾಳವಾಗಿರಬೇಕು, ಎಸಳು ಎಸಳಾಗಿ ತೆಳ್ಳಗೆ ಹೆಚ್ಚಬೇಕು. ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಚಿಟಿಕೆ ಇಂಗು. ಮೊದಲು ಈರುಳ್ಳಿಗೆ ಉಪ್ಪು ಹಾಕಿ ಚೆನ್ನಾಗಿ ಹಿಸುಕಬೇಕು. ಅದು ತನ್ನ ನೀರನ್ನು ತಾನೇ ಬಿಡುತ್ತದೆ. ಆಮೇಲೆ ಹಿಟ್ಟು ರವೆ ಸೇರಿಸಿ, ಮೂರು ನಾಲ್ಕು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಹೊಗೆಯಾಡುವಂತೆ ಕಾಯಿಸಿ ಸುರಿಯಬೇಕು. ಚೊರ್ ಅಂತ ಸದ್ದು ಬರಬೇಕು. ಬೆರಳಲ್ಲಿ ಉಜ್ಜಿ ಮುಷ್ಟಿ ಕಟ್ಟಿದರೆ ಹಿಟ್ಟು ನಿಲ್ಲಬೇಕು, ಬಿಟ್ಟರೆ ಉದುರಬೇಕು. ವಡೆಯ ಗರಿಗರಿ ಇರುವುದು ಈ ಕಾದ ಎಣ್ಣೆಯಲ್ಲೇ ಹೊರತು ಸೋಡಾಪುಡಿಯಲ್ಲಲ್ಲ. ಇಷ್ಟಾದ ಮೇಲೂ ಬೇಕೆನಿಸಿದರೆ ಮಾತ್ರ ನೀರು ಚಿಮುಕಿಸಬೇಕು. ಬಾಳೆಲೆಗೆ ಎಣ್ಣೆ ಸವರಿ, ನಿಪ್ಪಟ್ಟಿಗಿಂತ ತುಸು ದಪ್ಪಗೆ ತಟ್ಟಿ, ಉರಿ ಸಣ್ಣ ಮಾಡಿ ನಿಧಾನ ಬೇಯಿಸಬೇಕು. ರೈಲಿಗೆ ಆತುರವಿದ್ದರೆ ಇರಲಿ, ಬಾಣಲೆಗೆ ಆತುರ ಸಲ್ಲದು. ಉರಿ ಜಾಸ್ತಿಯಾದರೆ ಹೊರಗೆ ಕೆಂಪು, ಒಳಗೆ ಹಸಿ.

ಈರುಳ್ಳಿ ಬಿದ್ದ ಮೇಲೆ ಅದು ಬಹಳ ದಿನ ನಿಲ್ಲುವ ತಿಂಡಿಯಲ್ಲ. ಎರಡನೇ ದಿನಕ್ಕೆ ಮೆತ್ತಗಾಗುತ್ತದೆ. ಹದಿನೈದು ದಿನ ಡಬ್ಬದಲ್ಲಿ ಇಡುವುದಕ್ಕೆ ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ ಇವೆ. ನಾಲ್ಕು ಪಾಲು ಅಕ್ಕಿ ಹಿಟ್ಟಿಗೆ ಒಂದು ಪಾಲು ಹುರಿಗಡಲೆ ಪುಡಿ, ತರಿ ಮಾಡಿದ ಕಡಲೆಕಾಯಿ ಬೀಜ, ಎಳ್ಳು, ಖಾರದ ಪುಡಿ ಬಿದ್ದರೆ ನಿಪ್ಪಟ್ಟಿನ ಹಿಟ್ಟು ತಯಾರು. ಅದರ ಗುಟ್ಟೂ ಅದೇ, ಕಾದ ಎಣ್ಣೆ.

ಇಲ್ಲಿ ಒಂದು ವಿಚಿತ್ರವಿದೆ. ಕನ್ನಂಬಾಡಿ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಮಂಡ್ಯ, ಮದ್ದೂರು ಸೀಮೆಯಲ್ಲಿ ಭತ್ತಕ್ಕೂ ಕಬ್ಬಿಗೂ ಬರವಿಲ್ಲ. 1933ರಲ್ಲೇ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಎದ್ದಿತು. ಆಲೆಮನೆಗಳು ಊರೂರಿಗೆ. ತೆಂಗಿನಕಾಯಿ ಹಿತ್ತಲಲ್ಲೇ. ಮಳವಳ್ಳಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಹುರುಳಿ. ತಿಂಡಿಗೆ ಬೇಕಾದದ್ದೆಲ್ಲ ಬಾಗಿಲಲ್ಲೇ ಬೆಳೆಯುವ ಇಂಥ ಜಿಲ್ಲೆಯಲ್ಲಿ, ಸ್ಕೂಲು ಬಿಟ್ಟ ಮಗುವಿನ ಕೈಯಲ್ಲಿ ಇರುವುದು ಎಲ್ಲಿಂದಲೋ ಬಂದ ಐದು ರೂಪಾಯಿಯ ಗಾಳಿ ತುಂಬಿದ ಪೊಟ್ಟಣ. ಯಾವ ಹಳ್ಳಿಯ ಪೆಟ್ಟಿಗೆ ಅಂಗಡಿ ಮುಂದೆ ನಿಂತರೂ ತೋರಣದ ಹಾಗೆ ಅವೇ ತೂಗಾಡುತ್ತವೆ.

ಹಿಂದೆ ಮಕ್ಕಳು ಏನು ತಿನ್ನುತ್ತಿದ್ದವು ಎಂದರೆ ಹುರಿಗಾಳು, ಹುರಿಹಿಟ್ಟು, ಜಾತ್ರೆಯಿಂದ ತಂದ ಕಡ್ಲೆಪುರಿ. ಮುತ್ತತ್ತಿಗೆ ಹೋದವರು ಕಡ್ಲೆಪುರಿ ಗಂಟಿಲ್ಲದೆ ಊರಿಗೆ ಬಂದರೆ ಅಕ್ಕಪಕ್ಕದ ಮನೆಯವರಿಗೆ ಮುಖ ತೋರಿಸುವ ಹಾಗಿರಲಿಲ್ಲ. ಹುರಿಹಿಟ್ಟಂತೂ ರಾಗಿ ಸೀಮೆಯ ಜಾಣತನ. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕಾದ ಬಾಣಲೆಯಲ್ಲಿ ಅರಳಿಸಿ ಹಿಟ್ಟು ಮಾಡಿಸಿಟ್ಟರೆ ಬೇಕಾದಾಗ ಒಂದಿಷ್ಟು ಬೆಲ್ಲ, ಕಾಯಿತುರಿ ಕಲಸಿ ಕೊಟ್ಟುಬಿಡಬಹುದು. ಒಲೆ ಹಚ್ಚುವ ಕೆಲಸವೇ ಇಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಾಡಿನ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರೈತನ ಹೊಲದಲ್ಲಿ ರಾಗಿ ಹೆಚ್ಚಿತು. ಹೆಚ್ಚಿದ ರಾಗಿ ಮುದ್ದೆಗೆ ಹೋಯಿತು, ಸಂತೆಗೆ ಹೋಯಿತು. ಹುರಿಹಿಟ್ಟಿನ ಡಬ್ಬ ಮಾತ್ರ ಅಟ್ಟ ಸೇರಿತು. ಈಗ ಅದೇ ರಾಗಿ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಬಣ್ಣದ ಡಬ್ಬಿಯೊಳಗೆ ಕೂತು, ಮಳವಳ್ಳಿಯವನೇ ಬೆರಗಾಗುವ ಬೆಲೆಗೆ ಮಾರಾಟವಾಗುತ್ತಿದೆ.

ಸಿಹಿಯ ಮಾತಿಗೆ ಬಂದರೆ ಮಂಡ್ಯದ ಮನೆಗಳ ಪರೀಕ್ಷೆ ಕಜ್ಜಾಯದಲ್ಲಿ. ದೀಪಾವಳಿ ಬಂತೆಂದರೆ ಮೂರು ದಿನ ಮುಂಚೆಯೇ ಅಕ್ಕಿ ನೆನೆಹಾಕಬೇಕು. ನೀರು ಬಸಿದು ನೆರಳಲ್ಲಿ ಪಂಚೆಯ ಮೇಲೆ ಹರವಬೇಕು. ಪೂರ್ತಿ ಒಣಗಿದರೆ ಕೆಟ್ಟಿತು, ಮುಟ್ಟಿದರೆ ತೇವ ತಾಕಬೇಕು. ಆ ಹದದಲ್ಲಿ ಕುಟ್ಟಿ ಜರಡಿ ಹಿಡಿಯಬೇಕು. ಆಮೇಲೆ ಬೆಲ್ಲದ ಪಾಕ. ಒಲೆ ಮುಂದೆ ಒಬ್ಬಾಕೆ ಸೌಟು ಹಿಡಿದಿದ್ದರೆ ಪಕ್ಕದಲ್ಲಿ ನೀರಿನ ತಟ್ಟೆ ಹಿಡಿದು ಇನ್ನೊಬ್ಬಾಕೆ. "ಬಂತೇನವ್ವಾ?" "ಇನ್ನೂ ಇಲ್ಲ ಕಣತ್ತೆ." ತಟ್ಟೆಯ ನೀರಿಗೆ ಒಂದು ತೊಟ್ಟು ಪಾಕ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತಗೆ ಉಂಡೆಯಾಗಬೇಕು. ಕರಗಿ ಹೋದರೆ ಇನ್ನೂ ಎಳಸು. ಎತ್ತಿ ಹಾಕಿದರೆ ಟಣ್ ಎಂದರೆ ಮೀರಿತು. ಎಳಸು ಪಾಕದ ಕಜ್ಜಾಯ ಎಣ್ಣೆಯಲ್ಲಿ ಚಿಂದಿಯಾಗುತ್ತದೆ, ಮೀರಿದ ಪಾಕದ್ದು ಅಜ್ಜಿಯರ ಹಲ್ಲಿಗೆ ಶತ್ರು. ಹದ ಬಂದ ತಕ್ಷಣ ಇಳಿಸಿ ಹಿಟ್ಟು, ಏಲಕ್ಕಿ, ಗಸಗಸೆ ಕಲಸಿ, ಮೇಲೆ ತುಪ್ಪ ಸವರಿ ಒಂದು ರಾತ್ರಿ ಬಿಡಬೇಕು. ಕರಿದು ತೆಗೆದ ಮೇಲೆ ಎರಡು ಸೌಟಿನ ಮಧ್ಯೆ ಒತ್ತಿ ಎಣ್ಣೆ ಹಿಂಡಬೇಕು. ಇದನ್ನು ಯಾವ ಪುಸ್ತಕ ಓದಿ ಕಲಿತವರೂ ಇಲ್ಲ. ಅತ್ತೆಯ ಪಕ್ಕ ನಿಂತು ನಾಲ್ಕು ದೀಪಾವಳಿ ತಟ್ಟೆ ಹಿಡಿದ ಸೊಸೆಗೆ ಐದನೆಯದರಲ್ಲಿ ಸೌಟು ಸಿಗುತ್ತಿತ್ತು.

ಈ ಪಾಕಕ್ಕೆ ಬೆಲ್ಲ ಒಳ್ಳೆಯದಿರಬೇಕು. ಅಂಗಡಿಯವರು ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಗಿರಾಕಿ ಹಳದಿ ಬೆಲ್ಲವೇ ಬೇಕೆನ್ನುತ್ತಾನೆ, ಮಾರುಕಟ್ಟೆಯಲ್ಲಿ ಹಳದಿ ಅಚ್ಚಿಗೇ ಬೆಲೆ. ಹಾಗಾಗಿ ಆಲೆಮನೆಯ ಕೊಪ್ಪರಿಗೆಗೆ ಬಣ್ಣ ತೆಗೆಯುವ ಹೈಡ್ರೋಸ್ ಎಂಬ ರಾಸಾಯನಿಕ ಬೀಳುತ್ತದೆ. ಹಿಂದಿನವರು ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ, ಸುಣ್ಣ ಬಳಸುತ್ತಿದ್ದರು. ಆ ಬೆಲ್ಲ ಕಂದು, ನೋಡಲು ಅಂದವಿಲ್ಲ. ಆದರೆ ಬಾಣಲೆಗೆ ಬಿದ್ದ ಮೇಲೆ ಕಜ್ಜಾಯ ಹೇಗೂ ಕಂದೇ ಆಗುವುದು. ಕಂದು ಬೆಲ್ಲವನ್ನು ಅಂಗಡಿಯ ಹಿಂದಿನ ಮೂಲೆಗೆ ತಳ್ಳದೆ ಎದುರಿಗಿಟ್ಟರೆ ಕೇಳುವವರು ಇದ್ದೇ ಇದ್ದಾರೆ. ಕೇಂದ್ರ ಸರ್ಕಾರ 2020ರಲ್ಲಿ ಸಣ್ಣ ಆಹಾರ ಉದ್ದಿಮೆಗಳಿಗೆಂದು ಯೋಜನೆ ತಂದು ಜಿಲ್ಲೆಗೊಂದು ಉತ್ಪನ್ನ ಗೊತ್ತುಮಾಡಿದಾಗ ಮಂಡ್ಯದ ಪಾಲಿಗೆ ಬಂದದ್ದೂ ಬೆಲ್ಲವೇ.

ಹಾಗಾದರೆ ಮನೆ ತಿಂಡಿ ಯಾಕೆ ನಿಂತಿತು? ಹೆಂಗಸರು ಸೋಮಾರಿಗಳಾದರು ಎನ್ನುವುದು ಅರಳಿಕಟ್ಟೆಯಲ್ಲಿ ಕೂತವರ ತೀರ್ಪು. ಆ ತೀರ್ಪುಗಾರರು ಒಂದು ದಿನ ಬೆಳಗಿನ ಜಾವ ಎದ್ದು ಕಸ ಗುಡಿಸಿ, ಹಾಲು ಕರೆದು ಡೇರಿಗೆ ಹಾಕಿ, ಮುದ್ದೆಗೆ ಎಸರಿಟ್ಟು, ನಾಟಿಗೋ ಕಳೆಗೋ ಹೋಗಿ, ಸಂಜೆ ಬಂದು ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಹುಳುವಿಗೆ ಹಾಕಿ, ಆಮೇಲೆ ಚಕ್ಕುಲಿ ಒತ್ತಿ ನೋಡಲಿ. ಒಂದು ಡಬ್ಬ ನಿಪ್ಪಟ್ಟಿಗೆ ಹಿಟ್ಟಿನ ಖರ್ಚು ದೊಡ್ಡದಲ್ಲ, ಎಣ್ಣೆಯ ಖರ್ಚು ಸ್ವಲ್ಪ ಕಚ್ಚುತ್ತದೆ. ದೊಡ್ಡ ಖರ್ಚು ಇರುವುದು ಒಲೆ ಮುಂದೆ ಕೂರುವ ಮೂರು ಗಂಟೆಯಲ್ಲಿ. ಅದನ್ನು ಯಾರೂ ಖರ್ಚು ಎಂದು ಬರೆಯುವುದಿಲ್ಲ. ಕೂಡು ಕುಟುಂಬದಲ್ಲಿ ನಾಲ್ಕು ಕೈ ಇದ್ದಾಗ ಒಬ್ಬಳು ತಟ್ಟಿ, ಒಬ್ಬಳು ಕರಿದು, ಮಾತಾಡುತ್ತ ಮುಗಿಯುತ್ತಿದ್ದ ಕೆಲಸ ಈಗ ಒಬ್ಬಳದೇ ಆಗಿದೆ. ಐದು ರೂಪಾಯಿ ಕೊಟ್ಟು ಮಗುವಿನ ಅಳು ನಿಲ್ಲಿಸುವುದು ಆಕೆಗೆ ಸುಲಭ ಎನಿಸಿದರೆ ತಪ್ಪೇನು?

ತಪ್ಪಿರುವುದು ಇನ್ನೊಂದು ಕಡೆ. ಮನೆಯಲ್ಲೇ ತಿಂಡಿ ಮಾಡಿ ನಾಲ್ಕು ಕಾಸು ನೋಡುವ ಹೆಂಗಸರು ಎಲ್ಲ ಊರಲ್ಲೂ ಇದ್ದಾರೆ. 2000ನೇ ಇಸವಿಯಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದ ಮೇಲೆ ಸಾಲ ಪಡೆದು ಬಾಣಲೆ ಇಟ್ಟವರೂ ಉಂಟು. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೇಟಿನ ಕಾಸೂ ಇಲ್ಲ. ಮಳವಳ್ಳಿ ಕಡೆಯಿಂದ ಮದ್ದೂರಿಗೋ ಮಂಡ್ಯಕ್ಕೋ ಬಂದು ಹೋಗಲು ಅಡ್ಡಿಯಿಲ್ಲ. ಆದರೆ ಬಂದು ಅಂಗಡಿ ಮುಂದೆ ಡಬ್ಬ ಇಳಿಸಿದರೆ ಕೇಳುವ ಮೊದಲ ಮಾತು "ಎಷ್ಟಕ್ಕೆ ಕೊಡ್ತೀಯ, ಕಮ್ಮಿ ಮಾಡ್ಕೊ." ಕಂಪನಿ ಪೊಟ್ಟಣದ ಬೆಲೆ ಅಚ್ಚಾಗಿ ಬಂದಿರುತ್ತದೆ, ಅದರೊಂದಿಗೆ ಯಾರೂ ಚೌಕಾಸಿ ಮಾಡುವುದಿಲ್ಲ.

ಅಂಗಡಿಯವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಕಂಪನಿ ಮಾಲು ವ್ಯಾನಿನಲ್ಲಿ ಬಾಗಿಲಿಗೆ ಬರುತ್ತದೆ, ತೇದಿ ಮುದ್ರೆಯಾಗಿರುತ್ತದೆ, ಎಷ್ಟೋ ಸಲ ಹಳೆಯದನ್ನು ವಾಪಸ್ಸೂ ತೆಗೆದುಕೊಳ್ಳುತ್ತಾರೆ. ಮನೆ ನಿಪ್ಪಟ್ಟು ಈ ವಾರ ಇದ್ದ ಹಾಗೆ ಮುಂದಿನ ವಾರ ಇರುವುದಿಲ್ಲ, ಹಬ್ಬ ಬಂದರೆ ಮಾಲೇ ಇಲ್ಲ, ಮುರಿದದ್ದರ ನಷ್ಟ ಅಂಗಡಿಯವನ ತಲೆಗೆ. ಎಣ್ಣೆ ಎಂಥದ್ದು ಎಂಬ ಅನುಮಾನವೂ ಸಹಜ. ಪದೇ ಪದೇ ಕಾಯಿಸಿದ ಎಣ್ಣೆ ಯಾವ ಮಟ್ಟ ಮೀರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಗೆರೆ ಎಳೆದಿದೆ. ಮನೆಯಲ್ಲಿ ಒಮ್ಮೆ ಕರಿದ ಎಣ್ಣೆಯನ್ನು ಸೋಸಿ ಒಗ್ಗರಣೆಗೆ ಮುಗಿಸುವ ರೂಢಿ ಮೊದಲಿಂದ ಇದೆ. ಮಾರಾಟಕ್ಕೆ ಕೂತ ಮೇಲೂ ಆ ರೂಢಿ ಉಳಿಸಿಕೊಂಡ ಕೈಗೆ ಗಿರಾಕಿ ತಾನಾಗಿ ಹುಡುಕಿಕೊಂಡು ಬರುತ್ತಾನೆ. ಚೀಟಿಯ ಮೇಲೆ ಮಾಡಿದ ದಿನ ಬರೆದು ಅಂಟಿಸಲು ಯಾವ ಮೆಷೀನೂ ಬೇಡ, ಒಂದು ಪೆನ್ನು ಸಾಕು.

ಎಕ್ಸ್‌ಪ್ರೆಸ್ ವೇ ಮೇಲಿನ ಕಾರುಗಳು ವಾಪಸ್ಸು ಬರುವುದಿಲ್ಲ, ಅದನ್ನು ನೆಚ್ಚಿ ಕೂರುವುದು ಬೇಡ. ಊರೊಳಗೆ ಬಂದು ನಿಲ್ಲುವುದು ಕೆಂಪು ಬಸ್ಸು. ಅದರಲ್ಲಿ ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ, ತಾಲ್ಲೂಕು ಕಚೇರಿಗೆ ಹೋಗುವ ಜನ. ಅವರಿಗೆ ಬೇಕಾದದ್ದು ಹತ್ತಿಪ್ಪತ್ತು ರೂಪಾಯಿಯಲ್ಲಿ ಹೊಟ್ಟೆಗೆ ಆಸರೆ. ಬಸ್ ಸ್ಟ್ಯಾಂಡಿನ ಅಂಗಡಿಗಳು ಪೊಟ್ಟಣದ ತೋರಣದ ಪಕ್ಕದಲ್ಲಿ ಒಂದು ಗಾಜಿನ ಭರಣಿ ಇಟ್ಟು, ಊರ ಹೆಂಗಸರ ನಿಪ್ಪಟ್ಟು, ಕೋಡುಬಳೆ, ಹುರಿಹಿಟ್ಟಿನುಂಡೆ ತುಂಬಿದರೆ ಜಾಗವೇನೂ ಹಾಳಾಗದು. ಭರಣಿಯ ತಳದಲ್ಲಿ ಉಳಿಯುವ ಮುರುಕುಗಳ ಚಿಂತೆಯನ್ನೂ ಯಾರೂ ಹಚ್ಚಿಕೊಳ್ಳಬೇಕಿಲ್ಲ. ಹಳ್ಳಿ ಮನೆಗಳಲ್ಲಿ ಮುದ್ದೆ ಬಸ್ಸಾರಿನ ಪಕ್ಕಕ್ಕೆ ನಂಚಿಕೊಳ್ಳಲು ಮೊದಲು ಖರ್ಚಾಗುವುದೇ ಅವು.