ಆ ಬೆರಳನ್ನು ಎಳೆಯಬೇಡಿ

ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟದಲ್ಲಿ ಯಾರದಾದರೂ ಬೆರಳಿಗೆ ಏಟು ಬಿದ್ದರೆ ಮುಂದೇನಾಗುತ್ತದೆ ಎಂಬುದನ್ನು ನಮ್ಮ ಕರಾವಳಿಯ ಯಾವ ಊರಿನವರಾದರೂ ಹೇಳಬಲ್ಲರು. ಆಟಗಾರ ಕೈ ಕೊಡವುತ್ತಾನೆ. ತಂಡದ ಹಿರಿಯನೊಬ್ಬ ಓಡಿಬಂದು, "ತಾ ಇಲ್ಲಿ" ಎಂದು ಬೆರಳು ಹಿಡಿದು ಜಗ್ಗುತ್ತಾನೆ. ಲಟಕ್ಕೆಂದು ಸದ್ದು ಬಂದರೆ ಎಲ್ಲರಿಗೂ ಸಮಾಧಾನ. ಒಂದಿಷ್ಟು ಸ್ಪ್ರೇ, ಮೇಲೊಂದು ಟೇಪ್, ಆಟ ಮುಂದುವರಿಯುತ್ತದೆ.

ಫಿಸಿಯೋಥೆರಪಿಸ್ಟ್ ಆಗಿ ನನ್ನ ದಿನದ ಬಹುಪಾಲು ಕಳೆಯುವುದು ಬೆನ್ನುನೋವು, ಮಂಡಿನೋವು, ಪಾರ್ಶ್ವವಾಯುವಿನವರ ಜೊತೆ. ಆದರೆ ಪಂದ್ಯಾಟಗಳ ಕಾಲ ಶುರುವಾಯಿತೆಂದರೆ ಮಳೆ ಹಿಡಿಯುವವರೆಗೆ ಊದಿದ ಬೆರಳುಗಳು ಬರುತ್ತಲೇ ಇರುತ್ತವೆ. ಮೊದಲ ವಾರದಲ್ಲೇ ಬಂದರೆ ಸುಲಭವಾಗಿ ನೇರವಾಗಬಹುದಾಗಿದ್ದ ಬೆರಳು, ಎರಡು ತಿಂಗಳು ಬಿಟ್ಟು ಬಂದಾಗ ಸೊಟ್ಟಗೆ ಗಟ್ಟಿಯಾಗಿ ಕೂತಿರುತ್ತದೆ. "ಎಂತ ಇಲ್ಲ ಮೇಡಂ, ಸಣ್ಣ ಉಳುಕು ಅಂದ್ಕೊಂಡೆ" ಎನ್ನುತ್ತಾರೆ. ಇಪ್ಪತ್ತು ವರ್ಷದ ಹುಡುಗರ ಕೈಯಲ್ಲಿ ಇದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬೆರಳು ಇಷ್ಟು ಸೂಕ್ಷ್ಮವೇಕೆ? ಅದನ್ನು ಮಡಚಿ ಬಿಡಿಸುವ ದೊಡ್ಡ ಸ್ನಾಯುಗಳು ಬೆರಳಿನೊಳಗೆ ಇಲ್ಲವೇ ಇಲ್ಲ. ಅವು ಇರುವುದು ಮುಂಗೈಯಲ್ಲಿ, ಸಣ್ಣ ಕೆಲವು ಅಂಗೈಯಲ್ಲಿ. ಎಡಗೈಯಿಂದ ಬಲ ಮುಂಗೈ ಹಿಡಿದು ಬೆರಳಾಡಿಸಿ ನೋಡಿ, ಸ್ನಾಯು ಅಲುಗುವುದು ಅಲ್ಲೇ. ಅಲ್ಲಿಂದ ಉದ್ದಕ್ಕೆ ಹರಿದು ಬರುವ ತೆಳ್ಳನೆಯ ಸ್ನಾಯುರಜ್ಜುಗಳು ಬೆರಳಿನ ಮೂಳೆಗಳಿಗೆ ಅಂಟಿಕೊಂಡಿವೆ. ಕೀಲಿನ ಎರಡು ಪಕ್ಕದಲ್ಲಿ ಲಿಗಮೆಂಟ್, ಅಂಗೈ ಕಡೆಗೆ ಒಂದು ದಪ್ಪ ಪದರ. ಏಟು ಬಿದ್ದಾಗ ಅದನ್ನು ತಾಳಿಕೊಳ್ಳಲು ಮಾಂಸದ ಮೆತ್ತೆ ಅಂತ ಹೆಚ್ಚೇನೂ ಇಲ್ಲ.

ಇನ್ನು ಬ್ಲಾಕ್ ಮಾಡುವವನ ಸ್ಥಿತಿ ಯೋಚಿಸಿ. ಪುರುಷರ ನೆಟ್‌ನ ಎತ್ತರ 2.43 ಮೀಟರ್, ಮಹಿಳೆಯರದು 2.24. ಅದಕ್ಕೂ ಮೇಲೆ ಕೈ ಚಾಚಿ, ಬೆರಳು ಅಗಲಿಸಿ ಹಾರಿರುತ್ತಾನೆ. ಎದುರಿನಿಂದ 260ರಿಂದ 280 ಗ್ರಾಂ ತೂಕದ ಚೆಂಡು ಬರುತ್ತದೆ. ದೊಡ್ಡ ಮಟ್ಟದ ಆಟದಲ್ಲಿ ಸ್ಮ್ಯಾಶ್‌ನ ವೇಗ ಗಂಟೆಗೆ 100 ಕಿ.ಮೀ. ದಾಟುವುದು ಸಾಮಾನ್ಯ. ಅದು ಅಂಗೈಗೆ ಬಿದ್ದರೆ ತೊಂದರೆಯಿಲ್ಲ. ಬೆರಳ ತುದಿಗೆ ನೇರವಾಗಿ ಬಿದ್ದರೆ, ಅಥವಾ ಬೆರಳನ್ನು ಹಿಂದಕ್ಕೆ ಬಗ್ಗಿಸಿದರೆ, ಒಳಗೆ ಏನಾದರೊಂದು ಹರಿಯುತ್ತದೆ. ವಾಲಿಬಾಲ್‌ನ ಬೆರಳ ಗಾಯಗಳಲ್ಲಿ ಹೆಚ್ಚಿನವು ಬ್ಲಾಕ್‌ನಲ್ಲೇ ಆಗುವುದು ಇದಕ್ಕೇ.

ಹರಿದದ್ದು ಏನು ಎಂಬುದೇ ಮುಖ್ಯ. ಮೊದಲ ರಾತ್ರಿ ಎಲ್ಲ ಬೆರಳುಗಳೂ ಒಂದೇ ಥರ ಊದಿರುತ್ತವೆ, ಆದರೆ ಚಿಕಿತ್ಸೆ ಒಂದಕ್ಕೊಂದು ತದ್ವಿರುದ್ಧ.

ತುದಿಗೀಲನ್ನು ಬಿಡಿಸುವ ರಜ್ಜು ಹರಿದರೆ ಬೆರಳ ತುದಿ ಜೋತುಬೀಳುತ್ತದೆ; ಬೇರೆ ಕೈಯಿಂದ ಎತ್ತಿದರೆ ಏಳುತ್ತದೆ, ತಾನಾಗಿ ಏಳದು. ಇದಕ್ಕೆ ಮ್ಯಾಲೆಟ್ ಫಿಂಗರ್ ಎನ್ನುತ್ತಾರೆ. ತುದಿಗೀಲನ್ನು ಮಾತ್ರ ನೇರವಾಗಿ ಸ್ಪ್ಲಿಂಟ್‌ನಲ್ಲಿ ಇಡಬೇಕು, ಆರರಿಂದ ಎಂಟು ವಾರ, ಹಗಲೂ ರಾತ್ರಿ. ನಡುವೆ ಒಂದು ಸಲ ತುದಿ ಬಾಗಿದರೂ ಕೂಡುತ್ತಿದ್ದ ರಜ್ಜು ಬಿಟ್ಟುಕೊಳ್ಳುತ್ತದೆ, ಲೆಕ್ಕ ಮತ್ತೆ ಮೊದಲಿನಿಂದ. ಡಿಪ್ಲೊಮಾ ಓದುತ್ತಿದ್ದ ಹುಡುಗನೊಬ್ಬ ನಾಲ್ಕನೇ ವಾರದಲ್ಲಿ ಬಂದಾಗ ತುದಿ ಹಾಗೇ ಜೋತಿತ್ತು. ವಿಚಾರಿಸಿದರೆ ಊಟದ ಹೊತ್ತಿಗೆ ಮಾತ್ರ ಸ್ಪ್ಲಿಂಟ್ ತೆಗೆಯುತ್ತಿದ್ದನಂತೆ. ಬಲಗೈ ಅಲ್ಲವೇ, ಅನ್ನ ಕಲಸಬೇಕು. "ಊಟಕ್ಕೊಂದು ತೆಗಿ ಮಗಾ" ಅಂತ ಅಮ್ಮನೂ ಹೇಳಿದ್ದರು. ಅಂದಿನಿಂದ ಬೆರಳ ಗಾಯದವರ ಮನೆಯವರನ್ನೂ ಕೂರಿಸಿಕೊಂಡು ವಿವರಿಸುತ್ತೇನೆ: ಎಂಟು ವಾರ ಚಮಚದಲ್ಲಿ ಊಟ. ಚರ್ಮ ಒರೆಸಲು ಸ್ಪ್ಲಿಂಟ್ ತೆಗೆಯಲೇಬೇಕಾದಾಗ ಬೆರಳು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿಕೊಂಡೇ ಇರಬೇಕು.

ನಡುಗೀಲಿನ ಮೇಲ್ಭಾಗದ ರಜ್ಜು ಹರಿಯುವುದು ಇನ್ನೂ ಮೋಸದ ಗಾಯ. ಮೊದಲ ದಿನ ಬೆರಳು ನೇರವಾಗಿಯೇ ಕಾಣುತ್ತದೆ. ಎರಡು ಮೂರು ವಾರದಲ್ಲಿ ನಡುಗೀಲು ಬಾಗಿ, ತುದಿ ಹಿಂದಕ್ಕೆ ಸೆಟೆದುಕೊಳ್ಳುತ್ತದೆ. ಇದನ್ನು ಮೊದಲೇ ಹಿಡಿಯಲು ಒಂದು ಸರಳ ಪರೀಕ್ಷೆಯಿದೆ. ಬೆರಳಿನ ನಡುಗೀಲನ್ನು ಮೇಜಿನ ಅಂಚಿನಲ್ಲಿ 90 ಡಿಗ್ರಿಗೆ ಮಡಚಿಸಿ, ಕೀಲಿನಾಚೆಯ ಮೂಳೆಯನ್ನು ನನ್ನ ಬೆರಳಿನಿಂದ ಒತ್ತಿ ಹಿಡಿದು, "ಈಗ ಬಿಡಿಸು" ಎನ್ನುತ್ತೇನೆ. ರಜ್ಜು ಸರಿಯಿದ್ದರೆ ನನ್ನ ಬೆರಳಿಗೆ ಒತ್ತಡ ತಾಗುತ್ತದೆ, ಅವನ ಬೆರಳ ತುದಿ ಸಡಿಲವಾಗಿರುತ್ತದೆ. ಹರಿದಿದ್ದರೆ ನಡುವೆ ಬಲವೇ ಇಲ್ಲ, ತುದಿ ಮಾತ್ರ ಬಿಗಿಯಾಗಿ ಎದ್ದು ನಿಲ್ಲುತ್ತದೆ. ಆಗ ನಡುಗೀಲನ್ನು ಸುಮಾರು ಆರು ವಾರ ನೇರವಾಗಿ ಕಟ್ಟಿ, ತುದಿಗೀಲನ್ನು ದಿನವೂ ಮಡಚಿಸಬೇಕು. ಮ್ಯಾಲೆಟ್‌ನಲ್ಲಿ ಮಾಡಿದ್ದಕ್ಕೆ ಸರಿಯಾಗಿ ಉಲ್ಟಾ.

ಬೆರಳು ಹಿಂದಕ್ಕೆ ಬಾಗಿ ಅಂಗೈ ಕಡೆಯ ಪದರಕ್ಕೆ ಪೆಟ್ಟಾದರೆ, ತಿಂಗಳುಗಟ್ಟಲೆ ಕಟ್ಟಿಡುವುದೇ ತಪ್ಪು. ಕೀಲು ಗಟ್ಟಿಯಿದ್ದರೆ ಪಕ್ಕದ ಬೆರಳಿಗೆ ಜೊತೆಯಾಗಿ ಟೇಪ್ ಹಾಕಿ ಬೇಗ ಮಡಚಲು ಶುರುಮಾಡಿಸುತ್ತೇವೆ. ಸಡಿಲವಿದ್ದರೆ ಮಡಚಲು ಬಿಟ್ಟು, ಪೂರ್ತಿ ನೇರವಾಗದಂತೆ ಮಾತ್ರ ಕೆಲವು ವಾರ ತಡೆಯುವ ಸ್ಪ್ಲಿಂಟ್.

ಹಾಗಾಗಿ ಅಂಗಣದಲ್ಲಿ ಬೆರಳು ಎಳೆಯುವುದನ್ನು ದಯವಿಟ್ಟು ಬಿಡಿ. ಅರ್ಧ ಹರಿದದ್ದು ಪೂರ್ತಿ ಹರಿಯಬಹುದು, ಬಿರುಕು ಬಿಟ್ಟ ಮೂಳೆ ಜರುಗಬಹುದು. ಕೀಲು ತಪ್ಪಿ ಬೆರಳು ಡೊಂಕಾಗಿದ್ದರೆ ವೈದ್ಯರೇ ಕೂರಿಸಲಿ. ಮೊದಲು ಉಂಗುರವಿದ್ದರೆ ತೆಗೆಯಿರಿ, ಊತ ಏರಿದ ಮೇಲೆ ಅದು ಬಾರದು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಿ, ಕೈ ಎದೆಗಿಂತ ಮೇಲಿರಲಿ, ಐಸ್‌ಕ್ರೀಂ ಕಡ್ಡಿ ಇಟ್ಟು ಇದ್ದ ಹಾಗೇ ಕಟ್ಟಿ. ಎಣ್ಣೆ ತಿಕ್ಕುವುದು, ಬಿಸಿ ಶಾಖ ಆಗ ಬೇಡವೇ ಬೇಡ. ಬೆರಳು ಜೋಮು ಹಿಡಿದಿದ್ದರೆ, ಬಿಳಿಚಿಕೊಂಡಿದ್ದರೆ, ಕೀಲಿನ ಮೇಲೆ ಚರ್ಮ ಹರಿದಿದ್ದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಮೆಲ್ಲಗೆ ಮುಷ್ಟಿ ಮಡಚಿದಾಗ ಒಂದು ಬೆರಳು ಪಕ್ಕದ್ದರ ಮೇಲೆ ಏರಿ ಕೂತರೆ ಮೂಳೆ ಮುರಿದು ತಿರುಚಿದೆ ಎಂದು ಅನುಮಾನಿಸಿ. ಎಕ್ಸ್‌ರೇ ತೆಗೆಸುವಾಗ ಆ ಬೆರಳಿನದೇ ಪಕ್ಕದ ನೋಟವೂ ಬೇಕು. ಕಿತ್ತುಬಂದ ಸಣ್ಣ ಮೂಳೆಚೂರು ಕಾಣುವುದು ಅದರಲ್ಲೇ.

ಕಟ್ಟು ಬಿಚ್ಚಿದ ಮೇಲಿನ ಕೆಲಸ ನಿಧಾನದ್ದು. ಬೆರಳು ನೇರ, ನಂತರ ಕೊಕ್ಕೆಯಂತೆ, ನಂತರ ಪೂರ್ತಿ ಮುಷ್ಟಿ, ಹೀಗೆ ರಜ್ಜುಗಳು ಸರಾಗವಾಗಿ ಜಾರುವ ವ್ಯಾಯಾಮ ದಿನಕ್ಕೆ ಹಲವು ಸಲ. ಬಲ ಬರಲು ದುಬಾರಿ ಉಪಕರಣ ಬೇಡ. ಬಕೆಟ್‌ನಲ್ಲಿ ಅಕ್ಕಿ ತುಂಬಿ ಅದರೊಳಗೆ ಕೈ ಇಳಿಸಿ ಮುಷ್ಟಿ ಬಿಗಿಯುವುದು, ಬಿಡಿಸುವುದು. ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದು. ಎಲ್ಲರೂ ಹಿಸುಕುವ ವ್ಯಾಯಾಮ ಮಾಡುತ್ತಾರೆ, ಅಗಲಿಸುವುದನ್ನು ಮರೆಯುತ್ತಾರೆ. ಬ್ಲಾಕರ್‌ಗೆ ಬೇಕಾದದ್ದು ಅದೇ ಶಕ್ತಿ. ನಡುಗೀಲಿನ ಊತ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷದವರೆಗೂ ಉಳಿಯುತ್ತದೆ. ಅದಕ್ಕೆ ಹೆದರಿ ಆಟ ಬಿಡಬೇಕಿಲ್ಲ. ಬೆರಳು ನೋವಿಲ್ಲದೆ ಪೂರ್ತಿ ಮಡಚಿ, ಹಿಡಿತ ಇನ್ನೊಂದು ಕೈಯಷ್ಟೇ ಬಂದ ಮೇಲೆ ಗೋಡೆಗೆ ಮೆಲ್ಲಗೆ ಚೆಂಡು ಆಡಿಸಿ, ಆಮೇಲೆ ಲಿಫ್ಟ್, ಆಮೇಲೆ ಸ್ಮ್ಯಾಶ್. ಬ್ಲಾಕ್ ಎಲ್ಲಕ್ಕಿಂತ ಕೊನೆಗೆ.

ಜೊತೆಬೆರಳಿನ ಟೇಪ್ ಹಾಕುವ ರೀತಿಯೂ ಕಲಿಯಬೇಕು. ಎರಡು ಬೆರಳ ನಡುವೆ ತೆಳು ಹತ್ತಿ ಬಟ್ಟೆ, ನಡುಗೀಲಿನ ಮೇಲೊಂದು ಸುತ್ತು, ಕೆಳಗೊಂದು ಸುತ್ತು. ಕೀಲು ಮಾತ್ರ ಬಯಲಾಗಿರಬೇಕು. ಉಗುರು ಒತ್ತಿ ಬಿಟ್ಟರೆ ಕೂಡಲೇ ಕೆಂಪು ಮರಳದಿದ್ದರೆ ಬಿಗಿ ಜಾಸ್ತಿಯಾಯಿತು. ಕಿರುಬೆರಳನ್ನು ಉಂಗುರದ ಬೆರಳಿಗೆ ಕಟ್ಟಿ, ತೋರುಬೆರಳನ್ನು ನಡುಬೆರಳಿಗೆ.

ಗಾಯವೇ ಆಗದಂತೆ ತಡೆಯುವುದು ಬಹುಮಟ್ಟಿಗೆ ತರಬೇತುದಾರರ ಕೈಯಲ್ಲಿದೆ. ಮೈ ಬಿಸಿ ಮಾಡಲು ಎಲ್ಲರೂ ಓಡುತ್ತಾರೆ, ಬೆರಳಿಗೆ ಎರಡು ನಿಮಿಷ ಕೊಡುವವರು ಅಪರೂಪ. ಬ್ಲಾಕ್‌ಗೆ ಹಾರಿದಾಗ ಬೆರಳು ಅಗಲವಾಗಿ, ಬಿಗಿಯಾಗಿ ಇರಬೇಕು, ಹೆಬ್ಬೆರಳು ಚೆಂಡಿನ ಕಡೆಗೆ ಚಾಚದೆ ಮೇಲಕ್ಕೆ ನೋಡಬೇಕು, ಅಂಗೈ ನೆಟ್ ದಾಟಿ ಆಚೆಗೆ ಹೋಗಬೇಕು. ಚೆಂಡು ತಾಗುವ ಕ್ಷಣದಲ್ಲಿ ಕಣ್ಣು ಮುಚ್ಚುವವರಿಗೇ ಬೆರಳ ತುದಿಗೆ ಏಟು ಬೀಳುವುದು ಹೆಚ್ಚು ಎಂಬುದು ಅಂಗಣದ ಬದಿಯಲ್ಲಿ ಕೂತು ನಾನು ಕಂಡದ್ದು.

ಇನ್ನು ಚೆಂಡು. ನಿಯಮದ ಪ್ರಕಾರ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕೆ.ಜಿ. ಇರಬೇಕು. ನಮ್ಮಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಇನ್ನೂ ನಾಲ್ಕು ಪಂಪ್ ಹೊಡೆಯುತ್ತಾರೆ. ಪಂದ್ಯಾಟದ ಸಮಿತಿಯವರು ಒಂದು ಪ್ರೆಶರ್ ಗೇಜ್ ತಂದಿಟ್ಟರೆ ದೊಡ್ಡ ಖರ್ಚೇನೂ ಅಲ್ಲ. ಅದೂ ಇಲ್ಲದಿದ್ದರೆ ಟೈಲರ್ ಟೇಪ್ ಆದರೂ ಸುತ್ತಿ ನೋಡಿ: ಸುತ್ತಳತೆ 67 ಸೆಂ.ಮೀ. ದಾಟಿದರೆ ಗಾಳಿ ಬಿಡಿ.