ಆ್ಯನ್ ಮನೆಯಲ್ಲೇ ಉಳಿದರೆ ತಪ್ಪಾ?

'ಆ್ಯನ್ ವಿತ್ ಆ್ಯನ್ ಇ' (2017–2019) ನೋಡಿದ್ದೀರಾ? ಎಲ್. ಎಂ. ಮಾಂಟ್‌ಗೊಮೆರಿ 1908ರಲ್ಲಿ ಪ್ರಕಟಿಸಿದ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್' ಕಾದಂಬರಿ ಆಧರಿಸಿದ ಕೆನಡಾದ ಸರಣಿ. ಮೂಲನಿವಾಸಿ ಹುಡುಗಿಯನ್ನು ಹೆತ್ತವರಿಂದ ದೂರ ಮಾಡುವ ವಸತಿಶಾಲೆಯ ಕಥೆ ಪುಸ್ತಕದಲ್ಲಿಲ್ಲ, ಸರಣಿಯಲ್ಲಿದೆ. ಅದು ನನಗೆ ತಪ್ಪು ಅನ್ನಿಸಲಿಲ್ಲ. ಅಂಥ ಶಾಲೆಗಳು ಕೆನಡಾದಲ್ಲಿ ನಿಜವಾಗಿಯೂ ಇದ್ದವು.

ನನ್ನ ತಕರಾರು ಬೇರೆ. ಕಾದಂಬರಿಯ ಕೊನೆಯಲ್ಲಿ ಸಾಕಿದ ಮ್ಯಾಥ್ಯೂ ತೀರಿಕೊಳ್ತಾನೆ. ಕಣ್ಣು ಮಂಜಾಗುತ್ತಿರುವ ಅವನ ತಂಗಿ ಮರಿಲ್ಲಾಗೋಸ್ಕರ ಆ್ಯನ್ ಸ್ಕಾಲರ್‌ಶಿಪ್ ಬಿಟ್ಟು ಊರಲ್ಲೇ ಟೀಚರ್ ಆಗ್ತಾಳೆ. ಮೂರೇ ಸೀಸನ್‌ಗೆ ನಿಂತ ಸರಣಿಯಲ್ಲಿ ಆ ಘಟ್ಟ ಬರಲೇ ಇಲ್ಲ. ಬಂದಿದ್ದರೆ ಹಾಗೇ ಉಳಿಸುತ್ತಿದ್ದರಾ? ಮನೆಗಾಗಿ ಓದು ಬಿಡೋದು ಇವತ್ತು ನಮಗೆ ಸೋಲಿನ ಹಾಗೆ ಕಾಣುತ್ತೆ. ಆದರೆ ಮರಿಲ್ಲಾ ಬೇಡ ಅಂದರೂ ಅವಳೇ ಆರಿಸಿಕೊಂಡ ದಾರಿ ಅದು.

ಹೊಸದನ್ನು ಸೇರಿಸಲಿ. ನಮಗೆ ಒಪ್ಪಿಗೆಯಾಗದ ಅವಳ ಆಯ್ಕೆಯನ್ನು ಮಾತ್ರ ತಿದ್ದದಿರಲಿ. ಮೂಲಕ್ಕೆ ನಿಷ್ಠೆ ಅಂದರೆ ನನಗೆ ಇಷ್ಟೇ.